ಮಗು ತುಳಿಯಬಹುದಾದ ದಾರಿ

ರಸ್ತೆಯಲ್ಲಿ ಸಂಭವಿಸುವ ಸಾವಿಗೆ ‘ಅಪಘಾತ’ ಎಂಬ ಹೆಸರು ರೂಢಿಯಲ್ಲಿದ್ದು, ಆ ಹೆಸರಿನ ಬೆನ್ನಿಗೇ ಹಣೆಬರಹ, ಕೆಟ್ಟ ಗಳಿಗೆ, ಚಾಲಕನ ಅಜಾಗರೂಕತೆ ಎಂಬ ವಿವರಣೆಗಳೂ ಬರುತ್ತವೆ. ಒಂದೊಂದು ಸಾವನ್ನು ಬಿಡಿಯಾಗಿ ನೋಡಿದಾಗ ಈ ವಿವರಣೆಗಳು ಸಾಕೆನಿಸಬಹುದು. ಆದರೆ ಅದೇ ತಿರುವಿನಲ್ಲಿ, ಅದೇ ಬಗೆಯ ಕೂಡುರಸ್ತೆಯಲ್ಲಿ, ನಡೆದು ಹೋಗುವವರೂ ಎರಡು ಚಕ್ರದ ಮೇಲಿರುವವರೂ ವರ್ಷದಿಂದ ವರ್ಷಕ್ಕೆ ಸಾಯುತ್ತ ಹೋಗುವುದನ್ನು ಒಟ್ಟಿಗೆ ಇಟ್ಟು ನೋಡಿದರೆ, ಸಾವಿನ ಕಾರಣ ರಸ್ತೆಯನ್ನು ಕಟ್ಟಿದ ರೀತಿಯಲ್ಲೇ ಅಡಗಿದೆ ಎಂಬುದು ತಿಳಿಯುತ್ತದೆ. ಕೇಂದ್ರ ರಸ್ತೆ ಸಾರಿಗೆ ಮತ್ತು ಹೆದ್ದಾರಿ ಸಚಿವಾಲಯದ ವರದಿಯ ಪ್ರಕಾರ 2022ರಲ್ಲಿ ಭಾರತದ ರಸ್ತೆಗಳಲ್ಲಿ 1,68,491 ಮಂದಿ ಪ್ರಾಣ ಕಳೆದುಕೊಂಡರು. ಅವರಲ್ಲಿ 32,825 ಮಂದಿ ಪಾದಚಾರಿಗಳು. ಒಟ್ಟು ಮೃತರಲ್ಲಿ ಶೇ 44ಕ್ಕೂ ಹೆಚ್ಚು ಮಂದಿ ದ್ವಿಚಕ್ರ ವಾಹನದವರು. ನಾಲ್ಕು ಸಾವಿರಕ್ಕೂ ಹೆಚ್ಚು ಮಂದಿ ಸೈಕಲ್ ಸವಾರರು. ಉಕ್ಕಿನ ಕವಚವಿಲ್ಲದೆ ರಸ್ತೆಗಿಳಿದವರೇ ಈ ಸಾವುಗಳ ಬಹುಪಾಲನ್ನು ಹೊತ್ತಿದ್ದಾರೆ.

ಇಂತಹ ರಸ್ತೆಗಳ ಮೇಲೆ ಜನರು ಸೈಕಲ್ ತುಳಿಯಬೇಕೆಂದು ಕರೆಕೊಡುವ ಜಾಥಾಗಳು ಪ್ರತಿವರ್ಷ ನಡೆಯುತ್ತವೆ. ಸೈಕಲ್‌ನಿಂದ ಆರೋಗ್ಯ ಸುಧಾರಿಸುತ್ತದೆ, ಇಂಧನದ ಖರ್ಚು ಉಳಿಯುತ್ತದೆ, ಹೊಗೆ ಕಡಿಮೆಯಾಗುತ್ತದೆ, ಒಂದು ಕಾರು ನಿಲ್ಲುವ ಜಾಗದಲ್ಲಿ ಹತ್ತು ಸೈಕಲ್ ನಿಲ್ಲುತ್ತವೆ ಎಂಬ ಮಾತುಗಳೆಲ್ಲ ನಿಜ. ಆದರೆ ಇವು ಜನರಿಗೆ ತಿಳಿಯದ ಮಾತುಗಳಲ್ಲ. ಮಗಳನ್ನು ಸೈಕಲ್‌ನಲ್ಲಿ ಶಾಲೆಗೆ ಕಳಿಸಲು ಹಿಂಜರಿಯುವ ತಾಯಿಗೆ ಸೈಕಲ್‌ನ ಗುಣಗಳು ಗೊತ್ತಿಲ್ಲವೆಂದಲ್ಲ. ದಾರಿಯಲ್ಲಿ ಬರುವ ಲಾರಿಯ ಭಯ ಅವಳಿಗೆ ಚೆನ್ನಾಗಿ ಗೊತ್ತಿದೆ. ಆದ್ದರಿಂದ ರಸ್ತೆಗಳನ್ನು ಸುರಕ್ಷಿತಗೊಳಿಸುವುದು ಒಂದು ಕೆಲಸ, ಸೈಕಲ್ ಬಳಕೆ ಹೆಚ್ಚಿಸುವುದು ಇನ್ನೊಂದು ಕೆಲಸ ಎಂದು ಎಣಿಸುವುದೇ ಮೂಲದ ತಪ್ಪು. ಮೊದಲನೆಯದು ಆದರೆ ಎರಡನೆಯದು ತಾನಾಗಿ ಹಿಂಬಾಲಿಸುತ್ತದೆ. ಮೊದಲನೆಯದನ್ನು ಬಿಟ್ಟು ಎರಡನೆಯದನ್ನು ಎಷ್ಟು ಬೋಧಿಸಿದರೂ ಫಲವಿಲ್ಲ. ಈ ಮಾತಿಗೆ ಅತ್ಯಂತ ಸ್ಪಷ್ಟವಾದ ಸಾಕ್ಷಿ ದೊರೆಯುವುದು ನೆದರ್ಲೆಂಡ್ಸ್ ದೇಶದ ಕಳೆದ ಐವತ್ತು ವರ್ಷಗಳ ಇತಿಹಾಸದಲ್ಲಿ.

ಸೈಕಲ್ ಮರೆಯಾಗತೊಡಗಿದ ಕಾಲ

ಜನರಿಗಿಂತ ಸೈಕಲ್‌ಗಳೇ ಹೆಚ್ಚಿರುವ ದೇಶವೆಂದು ನೆದರ್ಲೆಂಡ್ಸ್ ಇಂದು ಹೆಸರಾಗಿದ್ದು, ಅಲ್ಲಿನ ಒಟ್ಟು ಪಯಣಗಳಲ್ಲಿ ನಾಲ್ಕನೆಯ ಒಂದು ಭಾಗಕ್ಕೂ ಹೆಚ್ಚು ಪಯಣಗಳು ಸೈಕಲ್ ಮೇಲೆಯೇ ನಡೆಯುತ್ತವೆ. ನೆಲ ಸಪಾಟಾಗಿರುವುದರಿಂದ, ಹವೆ ತಂಪಾಗಿರುವುದರಿಂದ, ಸೈಕಲ್ ಅವರ ಸಂಸ್ಕೃತಿಯಲ್ಲೇ ಇರುವುದರಿಂದ ಇದು ಸಾಧ್ಯವಾಯಿತು ಎಂಬ ಅಭಿಪ್ರಾಯ ಸಾಮಾನ್ಯವಾಗಿದೆ. ಆದರೆ ನೆಲವೂ ಹವೆಯೂ 1960ರ ದಶಕದಲ್ಲಿ ಇದ್ದಂತೆಯೇ ಇದ್ದವು. ಸೈಕಲ್ ಮಾತ್ರ ಕಣ್ಮರೆಯಾಗುವ ಹಾದಿ ಹಿಡಿದಿತ್ತು. ಎರಡನೆಯ ಮಹಾಯುದ್ಧದ ನಂತರ ದೇಶ ಶ್ರೀಮಂತವಾಗಿ, ಮನೆಮನೆಗೆ ಕಾರು ಬಂದಾಗ, ನಗರಗಳು ಹಳೆಯ ಕಟ್ಟಡಗಳನ್ನು ಕೆಡವಿ ರಸ್ತೆಗಳನ್ನು ಅಗಲ ಮಾಡಿದವು, ಚೌಕಗಳನ್ನು ಕಾರು ನಿಲ್ಲಿಸುವ ಬಯಲುಗಳಾಗಿ ಬದಲಿಸಿದವು, ಇದ್ದ ಸೈಕಲ್ ಪಥಗಳನ್ನೂ ಅಳಿಸಿದವು. 1967ರಲ್ಲಿ ಅಮೆರಿಕದ ಯೋಜಕ ಡೇವಿಡ್ ಜೋಕಿನೆನ್ ಎಂಬಾತ ಆಮ್ಸ್ಟರ್‌ಡ್ಯಾಮ್ ನಗರದ ಒಡಲಿಗೇ ಹೆದ್ದಾರಿಯನ್ನು ತರುವ ಯೋಜನೆಯೊಂದನ್ನು ಮುಂದಿಟ್ಟದ್ದು ಆ ಕಾಲದ ಮನೋಭಾವಕ್ಕೆ ತಕ್ಕುದಾಗಿಯೇ ಇತ್ತು.

ಈ ಬದಲಾವಣೆಗೆ ತೆತ್ತ ಬೆಲೆ 1971ರ ಹೊತ್ತಿಗೆ ಎಲ್ಲರ ಕಣ್ಣಿಗೂ ಬಿತ್ತು. ಆ ಒಂದೇ ವರ್ಷದಲ್ಲಿ ಸುಮಾರು 3,300 ಮಂದಿ ಡಚ್ ರಸ್ತೆಗಳಲ್ಲಿ ಸತ್ತರು. ಅವರಲ್ಲಿ 400ಕ್ಕೂ ಹೆಚ್ಚು ಮಂದಿ ಮಕ್ಕಳು. ಒಂದೂಕಾಲು ಕೋಟಿಗಿಂತ ಸ್ವಲ್ಪ ಹೆಚ್ಚು ಜನಸಂಖ್ಯೆಯ ಪುಟ್ಟ ದೇಶಕ್ಕೆ ಇದು ಸಹಿಸಲಾರದ ನಷ್ಟವಾಗಿತ್ತು. ಶಾಲೆಗೆ ಹೊರಟ, ಬೀದಿಯಲ್ಲಿ ಆಡುತ್ತಿದ್ದ, ಸೈಕಲ್ ತುಳಿಯುತ್ತಿದ್ದ ಮಕ್ಕಳು ಮನೆಗೆ ಮರಳದೆ ಹೋದದ್ದನ್ನು ಅಲ್ಲಿನ ಸಮಾಜ ಅಲ್ಲಿಯವರೆಗೆ ಪ್ರಗತಿಯ ಜೊತೆಗೆ ಬರುವ ಅನಿವಾರ್ಯ ದುಃಖವೆಂದು ಒಪ್ಪಿಕೊಂಡಿತ್ತು.

‘ಮಕ್ಕಳ ಕೊಲೆ ನಿಲ್ಲಿಸಿ’

ಆ ಒಪ್ಪಿಗೆಯನ್ನು ಮುರಿದದ್ದು ಒಬ್ಬ ಪತ್ರಕರ್ತನ ಲೇಖನ. ‘ಡೆ ಟೈಡ್’ ಪತ್ರಿಕೆಯಲ್ಲಿ ಕೆಲಸ ಮಾಡುತ್ತಿದ್ದ ವಿಕ್ ಲಾಂಗೆನ್‌ಹಾಫ್ ತನ್ನ ಎಳೆಯ ಮಗಳನ್ನು ರಸ್ತೆಯಲ್ಲಿ ಕಳೆದುಕೊಂಡ ಬಳಿಕ, 1972ರಲ್ಲಿ ‘ಸ್ಟಾಪ್ ಡೆ ಕಿಂಡರ್‌ಮೋರ್ಡ್’, ಎಂದರೆ ‘ಮಕ್ಕಳ ಕೊಲೆ ನಿಲ್ಲಿಸಿ’ ಎಂಬ ತಲೆಬರಹದಡಿ ಬರೆದ ಲೇಖನ ದೇಶದಾದ್ಯಂತ ತಂದೆತಾಯಿಗಳನ್ನು ಒಂದುಗೂಡಿಸಿತು. ಅದೇ ಹೆಸರಿನಲ್ಲಿ ಹುಟ್ಟಿದ ಸಂಘಟನೆಯ ಮೊದಲ ಅಧ್ಯಕ್ಷೆ ಮಾರ್ಟ್ಯೆ ವ್ಯಾನ್ ಪುಟೆನ್ ಮುಂದೆ ಯೂರೋಪಿಯನ್ ಸಂಸತ್ತಿನ ಸದಸ್ಯೆಯಾದವರು. ಅಪಘಾತ ಪದವನ್ನು ಬಿಟ್ಟು ಕೊಲೆ ಪದವನ್ನು ಆರಿಸಿಕೊಂಡದ್ದರ ಹಿಂದೆ ಒಂದು ಸ್ಪಷ್ಟ ವಾದವಿತ್ತು: ತಡೆಯಬಹುದಾಗಿದ್ದ ಸಾವನ್ನು ತಡೆಯದಿರುವುದು ಒಂದು ನಿರ್ಧಾರ, ಮತ್ತು ಪ್ರತಿಯೊಂದು ನಿರ್ಧಾರಕ್ಕೂ ಹೊಣೆಗಾರರು ಇರುತ್ತಾರೆ. ತಾಯಂದಿರು, ಶಿಕ್ಷಕರು, ಮಕ್ಕಳು ಅಪಾಯದ ಸ್ಥಳಗಳಲ್ಲಿ ಕುಳಿತು ರಸ್ತೆ ತಡೆದರು. ಬೀದಿಗಳನ್ನು ಕೆಲವು ಗಂಟೆಗಳ ಕಾಲ ಮುಚ್ಚಿ ಮಕ್ಕಳಿಗೆ ಆಡಲು ಬಿಟ್ಟುಕೊಟ್ಟರು. ಆಮ್ಸ್ಟರ್‌ಡ್ಯಾಮ್‌ನ ಇಕ್ಕಟ್ಟಾದ ‘ಡೆ ಪೈಪ್’ ಬಡಾವಣೆಯ ಮಕ್ಕಳು ತಮ್ಮ ಬೀದಿ ತಮಗೆ ಬೇಕೆಂದು ಹೋರಾಡಿದ್ದು ದೂರದರ್ಶನದ ಮೂಲಕ ಇಡೀ ದೇಶಕ್ಕೆ ಕಾಣಿಸಿತು.

ಈ ಚಳವಳಿಯ ಕಾವು ಆರುವ ಮುನ್ನವೇ 1973ರ ತೈಲ ಬಿಕ್ಕಟ್ಟು ಬಂದಿತು. ಅರಬ್ ದೇಶಗಳು ನೆದರ್ಲೆಂಡ್ಸ್‌ಗೆ ತೈಲ ಮಾರುವುದನ್ನು ನಿಲ್ಲಿಸಿದಾಗ, ಪ್ರಧಾನಿ ಯೋಪ್ ಡೆನ್ ಆಯ್ಲ್ ಅವರ ಸರ್ಕಾರ ಭಾನುವಾರಗಳಂದು ಕಾರು ಓಡಿಸುವುದನ್ನು ನಿಷೇಧಿಸಿತು. 1973ರ ನವೆಂಬರ್ 4ರಂದು ಮೊದಲ ಕಾರಿಲ್ಲದ ಭಾನುವಾರ ಬಂದಾಗ ಜನರು ಹೆದ್ದಾರಿಗಳ ಮೇಲೆ ಸೈಕಲ್ ತುಳಿದರು, ಮಕ್ಕಳು ಚಕ್ರದ ಪಾದರಕ್ಷೆ ಕಟ್ಟಿಕೊಂಡು ಜಾರಿದರು. ನಿಷೇಧ ಕೆಲವೇ ವಾರಗಳಲ್ಲಿ ಮುಗಿಯಿತಾದರೂ, ರಸ್ತೆ ಬೇರೆ ರೀತಿಯಲ್ಲಿಯೂ ಇರಬಲ್ಲುದು ಎಂಬುದನ್ನು ಒಂದು ಪೀಳಿಗೆ ಕಣ್ಣಾರೆ ಕಂಡಿತ್ತು. 1975ರಲ್ಲಿ ಸೈಕಲ್ ಸವಾರರ ರಾಷ್ಟ್ರೀಯ ಸಂಘ ಹುಟ್ಟಿತು. ಈಗ ‘ಫೀಟ್ಸರ್ಸ್‌ಬಾಂಡ್’ ಎಂಬ ಹೆಸರಿನಲ್ಲಿರುವ ಅದು ಊರೂರಿನ ಅಪಾಯದ ಸ್ಥಳಗಳನ್ನು ಗುರುತಿಸಿ ಪುರಸಭೆಗಳ ಮುಂದಿಡುವ ಕೆಲಸವನ್ನು ಇಂದಿಗೂ ಮಾಡುತ್ತಿದೆ.

ವೇಗದ ಲೆಕ್ಕ

ಚಳವಳಿಯ ಕೂಗನ್ನು ಎಂಜಿನಿಯರುಗಳ ಕೆಲಸವಾಗಿ ಬದಲಿಸಿದ ವಿಚಾರಗಳಲ್ಲಿ ಮೊದಲನೆಯದು ವೇಗಕ್ಕೆ ಸಂಬಂಧಿಸಿದ್ದು. ಚಲಿಸುವ ವಸ್ತುವಿನಲ್ಲಿ ಅದರ ಚಲನೆಯಿಂದಾಗಿಯೇ ಇರುವ ಶಕ್ತಿಗೆ ಭೌತವಿಜ್ಞಾನದಲ್ಲಿ ಚಲನಶಕ್ತಿ ಎನ್ನುತ್ತಾರೆ. ಅದು ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ಎಂದರೆ ವೇಗ ಗಂಟೆಗೆ 30 ಕಿಲೋಮೀಟರ್‌ನಿಂದ 60ಕ್ಕೆ ಏರಿದಾಗ ವೇಗ ಎರಡು ಪಟ್ಟಾಗುತ್ತದೆ, ಆದರೆ ಡಿಕ್ಕಿಯಲ್ಲಿ ಎದುರಿನ ದೇಹಕ್ಕೆ ತಾಗಬಲ್ಲ ಶಕ್ತಿ ನಾಲ್ಕು ಪಟ್ಟಾಗುತ್ತದೆ. ಮನುಷ್ಯನ ಮೂಳೆ, ಮಾಂಸ, ಮಿದುಳು ತಾಳಿಕೊಳ್ಳುವ ಹೊಡೆತಕ್ಕೆ ಒಂದು ಮಿತಿಯಿದ್ದು, ಗಂಟೆಗೆ 30 ಕಿಲೋಮೀಟರ್ ವೇಗದ ಕಾರು ಬಡಿದಾಗ ಬಹುಪಾಲು ಜನ ಬದುಕುತ್ತಾರೆ. ವೇಗ 50ನ್ನು ದಾಟಿ ಮೇಲೇರಿದಂತೆ ಬದುಕುವ ಸಾಧ್ಯತೆ ಕಡಿದಾಗಿ ಇಳಿಯುತ್ತದೆ. ಸರಾಸರಿ ವೇಗ ಶೇ 1ರಷ್ಟು ಹೆಚ್ಚಿದರೆ ಸಾವು ಸಂಭವಿಸುವ ಡಿಕ್ಕಿಗಳ ಅಪಾಯ ಸುಮಾರು ಶೇ 4ರಷ್ಟು ಹೆಚ್ಚುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ.

ಹೊಡೆತದ ಬಲ ಒಂದು ಮಾತಾದರೆ, ಹೊಡೆತವನ್ನು ತಪ್ಪಿಸುವ ಅವಕಾಶ ಇನ್ನೊಂದು ಮಾತು. ಎದುರಿಗೆ ಮಗು ಓಡಿಬಂದದ್ದನ್ನು ಕಂಡು, ಮಿದುಳು ಅದನ್ನು ಅರಿತು, ಕಾಲು ಬ್ರೇಕಿನ ಮೇಲೆ ಬೀಳಲು ಚಾಲಕನಿಗೆ ಸುಮಾರು ಒಂದು ಸೆಕೆಂಡ್ ಬೇಕು. ಒಣಗಿದ ಒಳ್ಳೆಯ ರಸ್ತೆಯಲ್ಲಿ ಗಂಟೆಗೆ 30 ಕಿಲೋಮೀಟರ್ ವೇಗದ ಕಾರು ಆ ಒಂದು ಸೆಕೆಂಡ್ ಕಳೆದು, ಬ್ರೇಕ್ ಹಿಡಿದು, ಸುಮಾರು 13 ಮೀಟರ್‌ಗಳಲ್ಲಿ ಪೂರ್ತಿ ನಿಲ್ಲಬಲ್ಲುದು. ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿ ಬರುವ ಕಾರು ಅದೇ ಒಂದು ಸೆಕೆಂಡಿನಲ್ಲಿ ಸುಮಾರು 14 ಮೀಟರ್ ಸಾಗಿರುತ್ತದೆ. ಮೊದಲನೆಯ ಕಾರು ಮಗುವಿನ ಮುಂದೆ ನಿಂತಿರುವ ಜಾಗದಲ್ಲಿ ಎರಡನೆಯ ಕಾರಿನ ಬ್ರೇಕ್ ಇನ್ನೂ ಹಿಡಿದೇ ಇರುವುದಿಲ್ಲ. ಇಬ್ಬರೂ ಚಾಲಕರು ಸಮಾನವಾಗಿ ಎಚ್ಚರದಿಂದಿದ್ದವರೇ. ಮಗುವಿನ ಬದುಕನ್ನು ತೀರ್ಮಾನಿಸಿದ್ದು ಆ ಬೀದಿಗೆ ಯಾವ ವೇಗ ಸಲ್ಲುತ್ತದೆಂದು ಸಮಾಜ ಮೊದಲೇ ಮಾಡಿದ್ದ ಆಯ್ಕೆ.

ಫಲಕ ನೆಟ್ಟ ಮಾತ್ರಕ್ಕೆ ವೇಗ ಇಳಿಯುವುದಿಲ್ಲ. ಚಾಲಕನು ಫಲಕದ ಅಂಕಿಗಿಂತ ಹೆಚ್ಚಾಗಿ ರಸ್ತೆಯ ಆಕಾರವನ್ನೇ ಓದಿಕೊಂಡು ವೇಗ ತೀರ್ಮಾನಿಸುತ್ತಾನೆ. ಅಗಲವಾದ, ನೇರವಾದ, ಅಡೆತಡೆಯಿಲ್ಲದ ರಸ್ತೆ ಯಾವ ಫಲಕವಿದ್ದರೂ ‘ಓಡು’ ಎಂದೇ ಹೇಳುತ್ತದೆ. ಇದನ್ನು ಅರಿತ ಡೆಲ್ಫ್ಟ್ ನಗರ 1970ರ ಸುಮಾರಿನಲ್ಲಿ ವಸತಿ ಬೀದಿಗಳ ಆಕಾರವನ್ನೇ ಬದಲಿಸಿತು. ಪಾದಚಾರಿ ಮಾರ್ಗ ಮತ್ತು ವಾಹನ ಮಾರ್ಗಗಳ ನಡುವಣ ಅಂಚನ್ನು ತೆಗೆದು, ಮರ, ಬೆಂಚು, ಹೂವಿನ ಪಾತಿಗಳನ್ನು ಬೀದಿಯ ನಡುವಿಗೇ ತಂದು, ದಾರಿಯನ್ನು ಬಳುಕಿಸಿ, ಕಾರು ಅಲ್ಲಿ ಅತಿಥಿಯಂತೆ ನಿಧಾನವಾಗಿ ಸಾಗಲೇಬೇಕಾದ ಸ್ಥಿತಿಯನ್ನು ನಿರ್ಮಿಸಲಾಯಿತು. ಡಚ್ಚರು ಇದನ್ನು ‘ವೂನ್‌ಎರ್ಫ್’ ಎನ್ನುತ್ತಾರೆ. ಕನ್ನಡದಲ್ಲಿ ‘ವಾಸದ ಅಂಗಳ’ ಎನ್ನಬಹುದು. 1976ರಲ್ಲಿ ಇದಕ್ಕೆ ಕಾನೂನಿನ ಮನ್ನಣೆ ದೊರೆಯಿತು. ಮನೆಯ ಮುಂದಿನ ಬೀದಿಯೂ ಅಂಗಳದ ಮುಂದುವರಿಕೆಯೇ ಎಂಬ ಭಾವನೆ ಕನ್ನಡದ ಹಳ್ಳಿಗಳಿಗೆ ಹೊಸದಲ್ಲವಾದ್ದರಿಂದ ಈ ಕಲ್ಪನೆ ಓದುಗರಿಗೆ ಪರಕೀಯವೆನಿಸಲಾರದು.

ತಪ್ಪನ್ನು ಕ್ಷಮಿಸುವ ರಸ್ತೆ

ಈ ಬಿಡಿ ಪ್ರಯೋಗಗಳನ್ನೆಲ್ಲ ಒಂದು ಸಿದ್ಧಾಂತವಾಗಿ ಹೊಸೆದದ್ದು 1992ರಲ್ಲಿ. ಡಚ್ ರಸ್ತೆ ಸುರಕ್ಷತಾ ಸಂಶೋಧನಾ ಸಂಸ್ಥೆಯಾದ ಎಸ್‌ಡಬ್ಲ್ಯುಒವಿ ಮುಂದಿಟ್ಟ ಈ ಸಿದ್ಧಾಂತವನ್ನು ‘ಸುಸ್ಥಿರ ಸುರಕ್ಷತೆ’ ಎಂದು ಕರೆಯಬಹುದು. ಮನುಷ್ಯ ತಪ್ಪು ಮಾಡುತ್ತಾನೆ, ಎಷ್ಟೇ ತರಬೇತಿ ಕೊಟ್ಟರೂ ಎಷ್ಟೇ ದಂಡ ಹಾಕಿದರೂ ಮಾಡುತ್ತಲೇ ಇರುತ್ತಾನೆ, ಆದ್ದರಿಂದ ಆ ತಪ್ಪಿಗೆ ಸಾವು ಶಿಕ್ಷೆಯಾಗದಂತೆ ರಸ್ತೆಯನ್ನು ಕಟ್ಟಬೇಕು ಎಂಬುದು ಅದರ ತಿರುಳು. 1997ರಲ್ಲಿ ಸ್ವೀಡನ್ ಸಂಸತ್ತು ಅಂಗೀಕರಿಸಿದ ‘ಶೂನ್ಯ ಸಾವಿನ ದೃಷ್ಟಿ’ ಎಂಬ ನೀತಿಯೂ ಇದೇ ನಂಬಿಕೆಯ ಮೇಲೆ ನಿಂತಿದೆ. ಕಾರ್ಖಾನೆಯ ಯಂತ್ರಕ್ಕೆ ಕಾರ್ಮಿಕನ ಕೈ ಸಿಲುಕದಂತೆ ಕವಚ ಹಾಕುವುದು ಯಂತ್ರ ಕಟ್ಟಿದವನ ಹೊಣೆಯಾಗಿರುವಂತೆಯೇ ರಸ್ತೆಯ ಸುರಕ್ಷತೆ ರಸ್ತೆ ಕಟ್ಟಿದವರ ಹೊಣೆ.

ಸುಸ್ಥಿರ ಸುರಕ್ಷತೆಯ ಪ್ರಕಾರ ದೇಶದ ಪ್ರತಿಯೊಂದು ರಸ್ತೆಗೂ ಒಂದೇ ಕೆಲಸವಿರಬೇಕು. ದೂರದ ಊರುಗಳ ನಡುವೆ ವೇಗವಾಗಿ ಸಾಗಲು ಒಂದು ಬಗೆಯ ರಸ್ತೆ. ಜನರು ವಾಸಿಸುವ, ಕೊಳ್ಳುವ, ಕಲಿಯುವ ಜಾಗಗಳನ್ನು ತಲುಪಲು ಇನ್ನೊಂದು ಬಗೆಯ ಬೀದಿ. ಇವೆರಡನ್ನು ಬೆಸೆಯಲು ಮೂರನೆಯದೊಂದು. ಊರೊಳಗಿನ ವಸತಿ ಬೀದಿಯಲ್ಲಿ ವೇಗ ಗಂಟೆಗೆ 30 ಕಿಲೋಮೀಟರ್; ಅಲ್ಲಿ ಸೈಕಲ್ ಮತ್ತು ಕಾರು ಒಂದೇ ದಾರಿಯಲ್ಲಿ ಬೆರೆಯಬಹುದು. ವೇಗ 50ಕ್ಕೆ ಏರುವ ರಸ್ತೆಯಲ್ಲಿ ಸೈಕಲ್‌ಗೆ ಕಟ್ಟೆಯಿಂದ ಬೇರ್ಪಟ್ಟ ಪ್ರತ್ಯೇಕ ಪಥ ಬೇಕು. ತೂಕದಲ್ಲೂ ವೇಗದಲ್ಲೂ ತೀರ ಭಿನ್ನವಾಗಿರುವವು ಒಂದೇ ಜಾಗದಲ್ಲಿ ಬೆರೆಯಬಾರದು, ಬೆರೆಯಲೇಬೇಕಾದಲ್ಲಿ ವೇಗ ಇಳಿಯಬೇಕು ಎಂಬುದೇ ಇಲ್ಲಿನ ಸೂತ್ರ. ಒಂದೇ ರಸ್ತೆ ಹೆದ್ದಾರಿಯೂ ಆಗಿ, ಸಂತೆಬೀದಿಯೂ ಆಗಿ, ಶಾಲೆಯ ದಾರಿಯೂ ಆಗಿದ್ದಾಗ ಸಾವು ಅಲ್ಲಿ ನೆಲೆನಿಲ್ಲುತ್ತದೆ.

ಹೆಚ್ಚಿನ ಡಿಕ್ಕಿಗಳು ನಡೆಯುವುದು ಕೂಡುರಸ್ತೆಗಳಲ್ಲಾದ್ದರಿಂದ ಅವುಗಳ ವಿನ್ಯಾಸಕ್ಕೆ ವಿಶೇಷ ಗಮನ ದೊರೆಯಿತು. ನಾಲ್ಕು ದಾರಿಗಳು ಸೇರುವ ಸಾಧಾರಣ ಕೂಡುರಸ್ತೆಯಲ್ಲಿ ವಾಹನಗಳ ಹಾದಿಗಳು ಒಂದನ್ನೊಂದು ಸಂಧಿಸುವ ಬಿಂದುಗಳು 32 ಇದ್ದರೆ, ಅದೇ ಜಾಗವನ್ನು ಒಂದೇ ಪಥದ ವೃತ್ತವಾಗಿ ಮಾರ್ಪಡಿಸಿದಾಗ ಆ ಸಂಖ್ಯೆ 8ಕ್ಕೆ ಇಳಿಯುತ್ತದೆ. ಜೊತೆಗೆ ಎಲ್ಲರೂ ನಿಧಾನವಾಗಿಯೇ ಒಳಬರಬೇಕಾಗುತ್ತದೆ. ಸಿಗ್ನಲ್ ಇರುವ ಕಡೆ ಮೂಲೆಗಳಲ್ಲಿ ಸಣ್ಣ ಕಟ್ಟೆಗಳನ್ನು ನಿರ್ಮಿಸಿ, ತಿರುಗುವ ಕಾರು ದೊಡ್ಡ ಸುತ್ತು ಬಳಸುವಂತೆಯೂ ಸೈಕಲ್ ಸವಾರ ಕಾರಿಗಿಂತ ಕೆಲವು ಮೀಟರ್ ಮುಂದೆ, ಚಾಲಕನ ಕಣ್ಣೆದುರಿಗೇ ನಿಲ್ಲುವಂತೆಯೂ ಮಾಡುತ್ತಾರೆ. ಉಪಬೀದಿಯೊಂದು ಮುಖ್ಯರಸ್ತೆಯನ್ನು ಸೇರುವಲ್ಲಿ ಪಾದಚಾರಿ ಮಾರ್ಗ ತುಂಡಾಗದೆ ಅದೇ ಎತ್ತರದಲ್ಲಿ ಮುಂದುವರಿಯುತ್ತದೆ. ಕಾರೇ ಹತ್ತಿ ಇಳಿಯಬೇಕಾಗುತ್ತದೆ. ಯಾರು ಯಾರಿಗೆ ದಾರಿ ಬಿಡಬೇಕೆಂಬುದನ್ನು ಅಲ್ಲಿ ನೆಲವೇ ಹೇಳುತ್ತದೆ.

ಬಿಡಿ ದಾರಿ ಸಾಲದು, ಜಾಲ ಬೇಕು

ಡಚ್ ಸರ್ಕಾರ 1970ರ ದಶಕದ ನಡುವಿನಲ್ಲಿ ಹೇಗ್ ಮತ್ತು ಟಿಲ್‌ಬರ್ಗ್ ನಗರಗಳಲ್ಲಿ ಮಾದರಿ ಸೈಕಲ್ ಮಾರ್ಗಗಳನ್ನು ಕಟ್ಟಿಸಿತು. ಆ ಮಾರ್ಗಗಳಲ್ಲಿ ಸೈಕಲ್‌ಗಳು ಹೆಚ್ಚಿದರೂ ಒಂದೇ ಒಂದು ಒಳ್ಳೆಯ ಮಾರ್ಗದಿಂದ ಊರಿನ ಜನರ ಓಡಾಟದ ರೀತಿ ಬದಲಾಗದು ಎಂಬ ಪಾಠವನ್ನು ಅವು ಕಲಿಸಿದವು. ಟ್ಯಾಂಕಿನಿಂದ ಮನೆಯವರೆಗಿನ ಕೊಳವೆಯಲ್ಲಿ ಒಂದೇ ಒಂದು ಗೇಣು ತುಂಡಾದರೂ ನೀರು ಬಾರದಂತೆ, ಸೈಕಲ್ ದಾರಿ ಒಂದು ದೊಡ್ಡ ಕೂಡುರಸ್ತೆಯಲ್ಲಿ ತುಂಡಾದರೆ ಉಳಿದ ದಾರಿಯೆಲ್ಲ ನಿರುಪಯುಕ್ತವಾಗುತ್ತದೆ. ಈ ಪಾಠದಿಂದ 1980ರ ದಶಕದಲ್ಲಿ ಡೆಲ್ಫ್ಟ್ ನಗರ ಮೂರು ಹಂತದ ಜಾಲವನ್ನು ಹೆಣೆಯಿತು: ಇಡೀ ನಗರವನ್ನು ದಾಟಲು ಸುಮಾರು ಅರ್ಧ ಕಿಲೋಮೀಟರಿಗೊಂದು ಮುಖ್ಯ ಮಾರ್ಗ, ಬಡಾವಣೆಗಳೊಳಗೆ ಇನ್ನಷ್ಟು ಹತ್ತಿರಹತ್ತಿರದ ಮಾರ್ಗಗಳು, ಮನೆಬಾಗಿಲಿನ ಮಟ್ಟದಲ್ಲಿ ಮತ್ತೂ ಸಣ್ಣ ಕಾಲುದಾರಿಗಳು.

ಯೂಟ್ರೆಕ್ಟ್ ನಗರದ ಬಳಿಯ ಹೌಟನ್ ಎಂಬ ಹಳ್ಳಿ ಊರಾಗಿ ಬೆಳೆಯಬೇಕಾದಾಗ ಯೋಜಕರು ಇನ್ನೂ ಮುಂದೆ ಹೋದರು. ಅಲ್ಲಿ ಒಂದು ಬಡಾವಣೆಯಿಂದ ಮತ್ತೊಂದಕ್ಕೆ ಕಾರಿನಲ್ಲಿ ಹೋಗಬೇಕಾದವರು ಊರಿನ ಹೊರವರ್ತುಲ ರಸ್ತೆಗೆ ಹೋಗಿ ಸುತ್ತಿ ಬರಬೇಕು. ಸೈಕಲ್ ಸವಾರರು ಮಾತ್ರ ಊರಿನ ನಡುವೆ ಇರುವ ರೈಲು ನಿಲ್ದಾಣಕ್ಕೂ ಶಾಲೆಗಳಿಗೂ ನೇರವಾಗಿ ತಲುಪುತ್ತಾರೆ. ಕಾರನ್ನು ನಿಷೇಧಿಸದೆ, ಯಾರಿಗೂ ದಂಡ ಹಾಕದೆ, ಸೈಕಲ್ಲೇ ಹತ್ತಿರದ ದಾರಿಯಾಗುವಂತೆ ಊರನ್ನು ಕಟ್ಟಲಾಗಿದೆ. ರೈಲಿನೊಂದಿಗೆ ಸೈಕಲ್ ಬೆಸೆದುಕೊಂಡದ್ದೂ ಇದರಷ್ಟೇ ಮುಖ್ಯವಾದುದು. 2019ರಲ್ಲಿ ಪೂರ್ಣಗೊಂಡ ಯೂಟ್ರೆಕ್ಟ್ ಕೇಂದ್ರ ರೈಲು ನಿಲ್ದಾಣದ ಸೈಕಲ್ ನಿಲುಗಡೆಯಲ್ಲಿ 12,500 ಸೈಕಲ್‌ಗಳನ್ನು ನಿಲ್ಲಿಸಬಹುದು.

ಇದು ತಂಪು ದೇಶದ ಸೌಭಾಗ್ಯವೆಂದು ಹೇಳುವವರಿಗೆ ಸ್ಪೇನ್ ದೇಶದ ಸೆವಿಲ್ ನಗರ ಉತ್ತರ ಕೊಡುತ್ತದೆ. ಬೇಸಗೆಯಲ್ಲಿ ಉಷ್ಣಾಂಶ 40 ಡಿಗ್ರಿ ಸೆಲ್ಸಿಯಸ್ ದಾಟುವ ಆ ನಗರದಲ್ಲಿ 2006ಕ್ಕೆ ಮುಂಚೆ ಸೈಕಲ್ ಸವಾರರು ಕಾಣಸಿಗುತ್ತಿದ್ದುದೇ ಅಪರೂಪ. ಅನಂತರದ ನಾಲ್ಕೈದು ವರ್ಷಗಳಲ್ಲಿ ರಸ್ತೆಯಿಂದ ಬೇರ್ಪಟ್ಟ, ಒಂದಕ್ಕೊಂದು ಜೋಡಿಸಿದ ಸುಮಾರು 120 ಕಿಲೋಮೀಟರ್ ಸೈಕಲ್ ಪಥಗಳನ್ನು ಕಟ್ಟಿದಾಗ ಸೈಕಲ್ ಪಯಣಗಳ ಸಂಖ್ಯೆ ಹಲವು ಪಟ್ಟು ಏರಿತು. ದಶಕಗಳ ಕಾಲ ಕಾಯದೆ, ಒಂದೇ ಬಾರಿಗೆ ಜಾಲವನ್ನು ಪೂರ್ಣಗೊಳಿಸಿದ್ದು ಆ ನಗರದ ಜಾಣತನವಾಗಿತ್ತು.

ಹಿಂಜರಿಯುವ ಬಹುಸಂಖ್ಯಾತರು

ಅಮೆರಿಕದ ಪೋರ್ಟ್‌ಲೆಂಡ್ ನಗರಾಡಳಿತದಲ್ಲಿ ಸೈಕಲ್ ಯೋಜನೆಗಳನ್ನು ನೋಡಿಕೊಳ್ಳುತ್ತಿದ್ದ ರೋಜರ್ ಗೆಲ್ಲರ್ ಸುಮಾರು ಎರಡು ದಶಕಗಳ ಹಿಂದೆ ತಮ್ಮ ನಗರದ ಜನರನ್ನು ನಾಲ್ಕು ಗುಂಪುಗಳಾಗಿ ವಿಂಗಡಿಸಿದರು. ಎಂತಹ ರಸ್ತೆಯಲ್ಲೂ ಸೈಕಲ್ ತುಳಿಯುವ ಧೈರ್ಯಶಾಲಿಗಳು ನೂರಕ್ಕೆ ಒಬ್ಬರೂ ಇಲ್ಲ; ಸ್ವಲ್ಪ ಅನುಕೂಲವಿದ್ದರೆ ಸಾಕೆನ್ನುವವರು ಏಳು ಮಂದಿ; ಏನೇ ಆದರೂ ಸೈಕಲ್ ಹತ್ತಲಾರೆವೆನ್ನುವವರು ಸುಮಾರು ಮೂವತ್ಮೂರು; ಉಳಿದ ಅರವತ್ತು ಮಂದಿ ಆಸೆಯಿದ್ದೂ ಭಯದಿಂದ ಹಿಂಜರಿಯುವವರು ಎಂಬುದು ಅವರ ಅಂದಾಜು. ಸಂಖ್ಯೆಗಳು ಊರಿಂದೂರಿಗೆ ಬದಲಾಗಬಹುದಾದರೂ ಈ ವಿಂಗಡಣೆ ಒಂದು ಮುಖ್ಯ ಸತ್ಯವನ್ನು ತೋರಿಸುತ್ತದೆ. ಸೈಕಲ್ ಯೋಜನೆ ಇಂದು ರಸ್ತೆಯಲ್ಲಿ ಕಾಣುವ ಕೆಲವರಿಗಾಗಿ ಮಾಡುವ ಉಪಕಾರವಲ್ಲ. ಭಯದಿಂದ ಮನೆಯಲ್ಲೇ ಉಳಿದಿರುವ, ಆದ್ದರಿಂದಲೇ ಎಣಿಕೆಗೆ ಸಿಗದಿರುವ ಬಹುಸಂಖ್ಯಾತರಿಗಾಗಿ ಅದನ್ನು ಮಾಡಬೇಕು. ಹೊಳೆ ಈಜಿ ದಾಟುವವರನ್ನು ಎಣಿಸಿ ಸೇತುವೆಯ ಅಗತ್ಯವನ್ನು ಯಾರೂ ನಿರ್ಧರಿಸುವುದಿಲ್ಲ.

ಹೀಗೆ ಹಿಂಜರಿಯುತ್ತಿದ್ದವರು ಒಮ್ಮೆ ರಸ್ತೆಗಿಳಿದರೆ ಸುರಕ್ಷತೆ ತನ್ನಿಂದ ತಾನೇ ಬೆಳೆಯುತ್ತದೆ. ಅಮೆರಿಕದ ಸಂಶೋಧಕ ಪೀಟರ್ ಜೇಕಬ್ಸನ್ 2003ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ನಡೆಯುವವರ ಅಥವಾ ಸೈಕಲ್ ಸವಾರರ ಸಂಖ್ಯೆ ಎರಡು ಪಟ್ಟಾದಾಗ ಡಿಕ್ಕಿಗಳು ಎರಡು ಪಟ್ಟಾಗದೆ ಸುಮಾರು ಮೂರನೆಯ ಒಂದು ಭಾಗದಷ್ಟು ಮಾತ್ರ ಹೆಚ್ಚುತ್ತವೆ. ಎಂದರೆ ಒಬ್ಬೊಬ್ಬರಿಗೂ ಇರುವ ಅಪಾಯ ಸುಮಾರು ಮೂರನೆಯ ಒಂದು ಭಾಗ ಇಳಿಯುತ್ತದೆ. ಸೈಕಲ್‌ಗಳನ್ನು ಸದಾ ಕಾಣುವ ಚಾಲಕ ಅವುಗಳನ್ನು ನಿರೀಕ್ಷಿಸಿಯೇ ವಾಹನ ತಿರುಗಿಸುತ್ತಾನೆ. ಆ ಚಾಲಕನ ಮಕ್ಕಳೂ ಅದೇ ದಾರಿಯಲ್ಲಿ ಸೈಕಲ್ ತುಳಿಯುತ್ತಿದ್ದರಂತೂ ಅವನ ಎಚ್ಚರ ಇಮ್ಮಡಿಸುತ್ತದೆ.

ರಸ್ತೆಯ ವಿನ್ಯಾಸದ ಜೊತೆಗೆ ಕಾನೂನೂ ದುರ್ಬಲರ ಕಡೆ ನಿಂತಿತು. ಡಚ್ ಕಾನೂನಿನಂತೆ ಮೋಟಾರು ವಾಹನ ಮತ್ತು ಸೈಕಲ್ ಅಥವಾ ಪಾದಚಾರಿಯ ನಡುವೆ ಡಿಕ್ಕಿಯಾದಾಗ, ತಡೆಯಲು ಸಾಧ್ಯವೇ ಇಲ್ಲದಂತಹ ಸಂದರ್ಭವಿತ್ತೆಂದು ತೋರಿಸದ ಹೊರತು ಪರಿಹಾರದ ಹೊಣೆ ವಾಹನದ ಕಡೆಯವರದು. ಗಾಯಗೊಂಡವರು 14 ವರ್ಷದೊಳಗಿನ ಮಕ್ಕಳಾದರೆ, ತಪ್ಪು ಮಗುವಿನದಾಗಿದ್ದರೂ ಸಾಮಾನ್ಯವಾಗಿ ಪೂರ್ತಿ ನಷ್ಟವನ್ನು ವಿಮೆಯ ಮೂಲಕ ವಾಹನದ ಕಡೆಯವರೇ ತುಂಬಬೇಕಾಗುತ್ತದೆ. ಇದು ಜೈಲುಶಿಕ್ಷೆಯ ಮಾತಲ್ಲ, ಹೆಚ್ಚು ಅಪಾಯ ಒಡ್ಡುವವರು ಹೆಚ್ಚು ಹೊಣೆ ಹೊರಬೇಕೆಂಬ ನ್ಯಾಯದ ಮಾತು. ಮಕ್ಕಳೂ ತಮ್ಮ ಪಾಲಿನ ಎಚ್ಚರವನ್ನು ಕಲಿಯುತ್ತಾರೆ; ಪ್ರಾಥಮಿಕ ಶಾಲೆಯ ಮಕ್ಕಳಿಗೆ ಸಂಚಾರ ಪರೀಕ್ಷೆ ನಡೆಸುವ ಪದ್ಧತಿ ಅಲ್ಲಿ 1930ರ ದಶಕದಿಂದಲೂ ಇದೆ.

ಫಲಿತಾಂಶ ಅಂಕಿಗಳಲ್ಲೇ ಕಾಣುತ್ತದೆ. 1971ರಲ್ಲಿ ಸುಮಾರು 3,300 ಇದ್ದ ವಾರ್ಷಿಕ ಸಾವುಗಳು, ಜನಸಂಖ್ಯೆಯೂ ವಾಹನಗಳೂ ಬಹಳ ಹೆಚ್ಚಿದ ಮೇಲೂ, 2023ರಲ್ಲಿ 684ಕ್ಕೆ ಇಳಿದಿದ್ದವು. ಆದರೆ ಕೆಲಸ ಮುಗಿದಿಲ್ಲ. ಆ 684ರಲ್ಲಿ 270 ಮಂದಿ ಸೈಕಲ್ ಸವಾರರು. ಹೆಚ್ಚು ವೇಗದ ವಿದ್ಯುತ್ ಸೈಕಲ್‌ಗಳನ್ನು ಬಳಸುವ ಹಿರಿಯ ವಯಸ್ಸಿನವರು ಬೀಳುವುದು ಅಲ್ಲಿನ ಹೊಸ ಚಿಂತೆಯಾಗಿದೆ. ಇಷ್ಟು ದೂರ ಬಂದ ಮೇಲೂ ಆಮ್ಸ್ಟರ್‌ಡ್ಯಾಮ್ 2023ರ ಡಿಸೆಂಬರ್‌ನಲ್ಲಿ ತನ್ನ ಬಹುಪಾಲು ರಸ್ತೆಗಳ ವೇಗವನ್ನು 30 ಕಿಲೋಮೀಟರ್‌ಗೆ ಇಳಿಸಿದ್ದು, ಉಳಿದ ಸಾವುಗಳನ್ನೂ ಅನಿವಾರ್ಯವೆಂದು ಒಪ್ಪಿಕೊಳ್ಳದ ಮನಸ್ಸಿನ ಗುರುತು.

ಕರ್ನಾಟಕದ ದಾರಿ

ಸೈಕಲ್ ಕನ್ನಡ ನಾಡಿಗೆ ಹೊರಗಿನಿಂದ ಕಲಿಯಬೇಕಾದ ಹೊಸ ಅಭ್ಯಾಸವಲ್ಲ. ಗಂಟೆಗಿಷ್ಟೆಂದು ಬಾಡಿಗೆಗೆ ಸೈಕಲ್ ಕೊಡುವ ಅಂಗಡಿಗಳು ಒಂದು ಕಾಲದಲ್ಲಿ ಸಣ್ಣ ಊರುಗಳಲ್ಲೂ ಇದ್ದವು. ಹಾಲು, ಹೂವು, ಪತ್ರಿಕೆ, ಅಂಚೆ ಎಲ್ಲವೂ ಸೈಕಲ್ ಕ್ಯಾರಿಯರ್ ಮೇಲೆಯೇ ಮನೆ ತಲುಪುತ್ತಿದ್ದವು. ಇಂದಿಗೂ ಮುಂಜಾನೆಯ ಮಸುಕಿನಲ್ಲಿ ನಗರದ ರಸ್ತೆಗಳಲ್ಲಿ ಸೈಕಲ್ ತುಳಿಯುವವರಲ್ಲಿ ಗಾರೆ ಕೆಲಸದವರೂ ಕಾವಲುಗಾರರೂ ಇದ್ದಾರೆ. 2011ರ ಜನಗಣತಿಯಂತೆ, ಕೃಷಿ ಮತ್ತು ಗೃಹ ಕೈಗಾರಿಕೆಗಳನ್ನು ಬಿಟ್ಟು ಉಳಿದ ದುಡಿಮೆಗಾರರಲ್ಲಿ ದೇಶದಾದ್ಯಂತ ಸುಮಾರು ಶೇ 13ರಷ್ಟು ಮಂದಿ ಸೈಕಲ್‌ನಲ್ಲೇ ಕೆಲಸಕ್ಕೆ ಹೋಗುತ್ತಿದ್ದರು. ಸೈಕಲ್ ಪಥದ ಪ್ರಶ್ನೆ ವಿರಾಮದ ವ್ಯಾಯಾಮದ ಪ್ರಶ್ನೆಯಷ್ಟೇ ಅಲ್ಲ, ಬೇರೆ ಆಯ್ಕೆಯಿಲ್ಲದೆ ಪ್ರಾಣವನ್ನು ಒತ್ತೆಯಿಟ್ಟು ದುಡಿಯಲು ಹೋಗುವವರ ನ್ಯಾಯದ ಪ್ರಶ್ನೆಯೂ ಹೌದು.

ನೀತಿಗಳ ಮಟ್ಟದಲ್ಲಿ ಹೇಳಬೇಕಾದ ಮಾತುಗಳನ್ನು ಬಹುಮಟ್ಟಿಗೆ ಹೇಳಿಯಾಗಿದೆ. ವಾಹನಗಳಿಗಿಂತ ಜನರ ಓಡಾಟಕ್ಕೆ ಆದ್ಯತೆ ಸಿಗಬೇಕೆಂದು 2006ರ ರಾಷ್ಟ್ರೀಯ ನಗರ ಸಾರಿಗೆ ನೀತಿ ಸಾರಿತು. 2019ರ ತಿದ್ದುಪಡಿಯ ಮೂಲಕ ಮೋಟಾರು ವಾಹನ ಕಾಯ್ದೆಗೆ ಸೇರಿದ 198ಎ ಕಲಮು, ನಿಗದಿತ ಸುರಕ್ಷತಾ ಮಾನದಂಡಗಳನ್ನು ಪಾಲಿಸದೆ ರಸ್ತೆ ಕಟ್ಟಿ ಸಾವಿಗೆ ಕಾರಣವಾದ ಪ್ರಾಧಿಕಾರ, ಗುತ್ತಿಗೆದಾರ ಮೊದಲಾದವರಿಗೆ ಒಂದು ಲಕ್ಷ ರೂಪಾಯಿಯವರೆಗೆ ದಂಡ ವಿಧಿಸಲು ಅವಕಾಶ ಕೊಡುತ್ತದೆ. ಮೊತ್ತ ಚಿಕ್ಕದಾದರೂ, ಸಾವಿನ ಹೊಣೆ ಚಾಲಕನ ಬಳಿಗೆ ಬಂದು ನಿಲ್ಲದೆ ರಸ್ತೆ ಕಟ್ಟಿದವರವರೆಗೂ ಹೋಗಬಹುದೆಂದು ಭಾರತದ ಕಾನೂನೂ ಒಪ್ಪಿಕೊಂಡಂತಾಯಿತು.

ಪ್ರಯೋಗಗಳೂ ನಡೆದಿವೆ. 2017ರ ಜೂನ್‌ನಲ್ಲಿ ಮೈಸೂರಿನಲ್ಲಿ ಆರಂಭವಾದ ‘ಟ್ರಿಣ್ ಟ್ರಿಣ್’ ಎಂಬ ಸಾರ್ವಜನಿಕ ಸೈಕಲ್ ಬಾಡಿಗೆ ವ್ಯವಸ್ಥೆಯಲ್ಲಿ 48 ನಿಲ್ದಾಣಗಳೂ 450 ಸೈಕಲ್‌ಗಳೂ ಇದ್ದು, ಒಂದು ನಿಲ್ದಾಣದಲ್ಲಿ ಪಡೆದ ಸೈಕಲ್ಲನ್ನು ಇನ್ನೊಂದರಲ್ಲಿ ಬಿಡುವ ಈ ಏರ್ಪಾಡು ದೇಶದ ಇತರ ನಗರಗಳಿಗೂ ಮಾದರಿಯಾಯಿತು. 2020ರಲ್ಲಿ ಬೆಂಗಳೂರಿನ ಹೊರವರ್ತುಲ ರಸ್ತೆಯಲ್ಲಿ ತಡೆಗಂಬಗಳನ್ನು ನೆಟ್ಟು ಸೈಕಲ್ ಪಥವನ್ನು ಗುರುತಿಸಲಾಯಿತು. ಆದರೆ ಕಂಬಗಳು ಮುರಿದವು, ಮೋಟಾರು ಬೈಕುಗಳು ಒಳನುಗ್ಗಿದವು, ಪಥ ಉಳಿಯಲಿಲ್ಲ. ಟಿಲ್‌ಬರ್ಗ್ ಐವತ್ತು ವರ್ಷಗಳ ಹಿಂದೆ ಕಲಿಸಿದ ಪಾಠವೇ ಇಲ್ಲಿ ಇನ್ನಷ್ಟು ಕಠಿಣವಾಗಿ ಎದುರಾಯಿತು: ಅಕ್ಕಪಕ್ಕದ ಬೀದಿಗಳೊಡನೆ ಜೋಡಣೆಯಿಲ್ಲದ, ಗಟ್ಟಿಯಾದ ಕಟ್ಟೆಯ ಕಾವಲಿಲ್ಲದ ಬಿಡಿ ಪಥ ಬಾಳುವುದಿಲ್ಲ. ಆ ಸೋಲನ್ನು ‘ಇಲ್ಲಿನ ಜನ ಸೈಕಲ್ ತುಳಿಯುವುದಿಲ್ಲ’ ಎಂಬುದಕ್ಕೆ ಸಾಕ್ಷಿಯಾಗಿ ಬಳಸುವುದು ಅನ್ಯಾಯವಾಗುತ್ತದೆ.

ಕಡಿಮೆ ಖರ್ಚಿನಲ್ಲಿ ಆರಂಭಿಸಬಹುದಾದ ಕೆಲಸಗಳಿವೆ. ಪ್ರತಿಯೊಂದು ಸರ್ಕಾರಿ ಶಾಲೆಯನ್ನೂ ನಡುವೆ ಇಟ್ಟುಕೊಂಡು, ಅದರ ಸುತ್ತಲಿನ ಎರಡು ಮೂರು ಕಿಲೋಮೀಟರ್ ದಾರಿಗಳನ್ನು ಮೊದಲು ಸರಿಪಡಿಸಬಹುದು. ಅಲ್ಲಿ ವೇಗವನ್ನು ಉಬ್ಬುಗಳಿಂದಲೂ ಕಿರಿದಾದ ತಿರುವುಗಳಿಂದಲೂ 30ಕ್ಕೆ ಇಳಿಸಬಹುದು. ಊರನ್ನು ಸೀಳಿಕೊಂಡು ಹೋಗುವ ಹೆದ್ದಾರಿಯನ್ನು ಮಕ್ಕಳು ದಾಟುವ ಜಾಗದಲ್ಲಿ ರಸ್ತೆಯನ್ನೇ ಎತ್ತರಿಸಿ ವಾಹನಗಳು ನಿಧಾನವಾಗುವಂತೆ ಮಾಡಬಹುದು. ಚರಂಡಿಯ ಚಪ್ಪಡಿ, ವಿದ್ಯುತ್ ಕಂಬ, ನಿಂತ ವಾಹನಗಳಿಂದ ಪಾದಚಾರಿ ಮಾರ್ಗವನ್ನು ಬಿಡಿಸಬಹುದು. ಸಾವು ಸಂಭವಿಸಿದ ಪ್ರತಿಯೊಂದು ಸ್ಥಳವನ್ನೂ ಪೊಲೀಸರ ಜೊತೆಗೆ ಎಂಜಿನಿಯರ್ ಕೂಡ ಪರಿಶೀಲಿಸಿ, ಯಾರು ತಪ್ಪಿದರು ಎಂಬುದಕ್ಕಿಂತ ಏನನ್ನು ಬದಲಿಸಬೇಕು ಎಂಬುದನ್ನು ಬರೆದಿಡಬಹುದು.

ಶಾಲೆಯನ್ನು ನಡುವೆ ಇಡಬೇಕೆನ್ನಲು ಕಾರಣವಿದೆ. ಬಿಹಾರ ಸರ್ಕಾರ 2006ರಲ್ಲಿ ಪ್ರೌಢಶಾಲೆಗೆ ಸೇರುವ ಹೆಣ್ಣುಮಕ್ಕಳಿಗೆ ಸೈಕಲ್ ಒದಗಿಸುವ ಯೋಜನೆ ತಂದಾಗ, ಪ್ರೌಢಶಾಲೆಗೆ ದಾಖಲಾದ ತಕ್ಕ ವಯಸ್ಸಿನ ಹೆಣ್ಣುಮಕ್ಕಳ ಪ್ರಮಾಣ ಶೇ 32ರಷ್ಟು ಏರಿದ್ದನ್ನು ಅರ್ಥಶಾಸ್ತ್ರಜ್ಞರಾದ ಕಾರ್ತಿಕ್ ಮುರಳೀಧರನ್ ಮತ್ತು ನಿಶಿತ್ ಪ್ರಕಾಶ್ ತಮ್ಮ ಅಧ್ಯಯನದಲ್ಲಿ ತೋರಿಸಿದ್ದಾರೆ. ಕರ್ನಾಟಕ ಸರ್ಕಾರವೂ 2006–07ರಿಂದ ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ ಹಂಚುವ ಯೋಜನೆಯನ್ನು ಆರಂಭಿಸಿ, ಹಳ್ಳಿಯ ಲಕ್ಷಾಂತರ ಮಕ್ಕಳಿಗೆ ಶಾಲೆಯನ್ನು ಹತ್ತಿರ ಮಾಡಿತು. ಸಾಲಾಗಿ ಸೈಕಲ್ ತುಳಿಯುತ್ತ ಹೋಗುವ ಸಮವಸ್ತ್ರದ ಹುಡುಗಿಯರು ಆ ವರ್ಷಗಳಲ್ಲಿ ನಾಡಿನ ದಾರಿಗಳಲ್ಲಿ ಸಾಮಾನ್ಯವಾಗಿ ಕಾಣುವ ನೋಟವಾದರು. ಆದರೆ ಸೈಕಲ್ ಕೊಟ್ಟಷ್ಟಕ್ಕೆ ಆ ಕೊಡುಗೆ ಪೂರ್ತಿಯಾಗುವುದಿಲ್ಲ. ಮನೆಯ ಹೊಸ್ತಿಲಿನಿಂದ ಶಾಲೆಯ ಗೇಟಿನವರೆಗೆ ಆ ಹುಡುಗಿಯರು ಹೆದರದೆ ತುಳಿಯಬಹುದಾದ ದಾರಿ ಅದರ ಉಳಿದ ಅರ್ಧ. ಒಂದು ರಸ್ತೆ ಒಳ್ಳೆಯದೋ ಅಲ್ಲವೋ ಎಂಬುದನ್ನು ಅಳೆಯಲು ಅದರ ಅಗಲ, ಅದರ ವೆಚ್ಚ, ಅದರ ಮೇಲೆ ಗಂಟೆಗೆ ಸಾಗುವ ವಾಹನಗಳ ಸಂಖ್ಯೆ ಇವೆಲ್ಲಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ ಒಂದಿದೆ: ಎಂಟನೆಯ ತರಗತಿಯ ಹುಡುಗಿಯೊಬ್ಬಳು ಇದರ ಮೇಲೆ ಒಬ್ಬಳೇ ಸೈಕಲ್ ತುಳಿದು ಹೋಗಿ ಸಂಜೆ ಮನೆಗೆ ಮರಳಬಲ್ಲಳೇ? ಹೌದು ಎಂದು ಅವಳ ತಾಯಿ ಹೇಳುವ ದಿನ ಆ ರಸ್ತೆ ಎಲ್ಲರಿಗೂ ಸುರಕ್ಷಿತವಾಗಿರುತ್ತದೆ.